ಆಷಾಢದ ಟೈರು

ನನ್ನ ಹೆಂಡತಿಗೆ ಕಾರು ನಡೆಸುವುದನ್ನು ಕಲಿಸಿದವನೂ ನಾನೇ, ಬಿಡಿಸಿದವನೂ ನಾನೇ. ಕಲಿಸಿದ್ದನ್ನು ಊರ ತುಂಬ ಹೇಳಿಕೊಂಡು ತಿರುಗಿದೆ. ಬಿಡಿಸಿದ್ದನ್ನು ಮಾತ್ರ ಹೀಗೆ ಕಾಗದದ ಮೇಲೆ ಬರೆಯುತ್ತಿದ್ದೇನೆ, ಯಾಕೆಂದರೆ ಬಾಯಿಬಿಟ್ಟು ಹೇಳುವ ದಮ್ಮು ನನಗಿಲ್ಲ.

ನಾವಿರುವುದು ವಾಸ್ಕೋದ ಮಂಗೋರ್ ಹಿಲ್‌ನಲ್ಲಿ. ಧಾರವಾಡದ ಕಡೆಯಿಂದ ಬಂದು ಇಲ್ಲಿಯೇ ಬೇರು ಬಿಟ್ಟವರು. ಕೆಳಗೆ ಪೇಟೆಯಲ್ಲಿ ನನ್ನದೊಂದು ಸಣ್ಣ ಬಟ್ಟೆ ಅಂಗಡಿ ಇದೆ; ಖಣ, ಜಂಪರ್ ಪೀಸು, ಇಳಕಲ್ ಸೀರೆ ಮಾರುತ್ತೇನೆ. ಹಬ್ಬ ಬಂದರೆ ನಾಲ್ಕು ಗಿರಾಕಿ, ಇಲ್ಲವಾದರೆ ನೊಣ ಹೊಡೆಯುತ್ತ ಕೂಡುವುದು. ಖರೇ ಹೇಳಬೇಕೆಂದರೆ ಮನೆ ನಡೆಯುತ್ತಿದ್ದದ್ದು ನನ್ನ ಹೆಂಡತಿಯ ರೊಟ್ಟಿಯಿಂದ. ವೆರ್ಣಾದ ಕಾರ್ಖಾನೆಗಳಲ್ಲಿ ನಮ್ಮ ಕಡೆಯ ಹುಡುಗರು ಬಹಳ ಇದ್ದಾರೆ. ಅವರಿಗೆ ಜೋಳದ ರೊಟ್ಟಿ, ಝುಣಕ, ಶೇಂಗಾ ಚಟ್ನಿಯ ಡಬ್ಬಿಗಳನ್ನು ಕಟ್ಟಿಕೊಂಡು ಆಕೆ ದಿನಾ ಬೆಳಿಗ್ಗೆ ನಮ್ಮ ಹಳೆಯ ಕಾರಿನಲ್ಲಿ ಹೋಗುತ್ತಿದ್ದಳು. ಕಂಪನಿ ಬಸ್ಸುಗಳು ಗೇಟಿಗೆ ಬರುವುದರೊಳಗೆ ಆಕೆಯ ಕಾರು ಅಲ್ಲಿ ನಿಂತಿರಬೇಕು.

ರೊಟ್ಟಿ ಬಡಿಯುತ್ತಿದ್ದವಳು ಬೇರೆಯವಳು. ವಿಜಯಪುರದ ಕಡೆಯ ಹೆಂಗಸು. ಗಂಡ ಬಂದರಿನಲ್ಲಿ ಕೂಲಿ, ನಮ್ಮ ಮನೆಯಿಂದ ಎರಡು ಓಣಿ ಮೇಲೆ ಮನೆ. ವಯಸ್ಸಿನಲ್ಲಿ ದೊಡ್ಡವಳೆಂದು ನಾವಿಬ್ಬರೂ ಅಕ್ಕ ಎನ್ನುತ್ತಿದ್ದೆವು. ಆಕೆ ಬಡಿದ ರೊಟ್ಟಿ ಎಷ್ಟು ತೆಳ್ಳಗೆಂದರೆ, ಒಂದು ದಿನ ಆಕೆ ಬಾರದೆ ನನ್ನ ಹೆಂಡತಿಯೇ ಬಡಿದು ಕೊಂಡೊಯ್ದಾಗ ಹುಡುಗರು ಡಬ್ಬಿ ತೆರೆದ ಕೂಡಲೇ ಕಂಡುಹಿಡಿದರಂತೆ. ರೊಟ್ಟಿಯ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಅಕ್ಕ ಕಾರಿನ ಎಡಗಡೆ ಸೀಟಿನಲ್ಲಿ ಕೂಡುತ್ತಿದ್ದಳು. ಇಬ್ಬರೂ ಹೋಗುವಾಗ ಕಿಡಕಿಯಿಂದ ನಗು ಕೇಳಿಸುತ್ತಿತ್ತು.

ಆ ವರ್ಷ ಮಳೆ ಹಿಡಿದ ಕೆಲವು ದಿನಗಳಿಗೆ ಹೆಂಡತಿ ಕಾರಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಟೈರಿನ ಮೇಲೆ ಅಂಗೈ ಆಡಿಸಿದಳು.

“ರೀ, ಇಲ್ಲಿ ಬರ್ರಿ. ನಾಲ್ಕೂ ಬೋಳಾಗ್ಯಾವ ನೋಡ್ರಿ. ಬ್ರೇಕ್ ಹಾಕಿದ್ರ ಗಾಡಿ ಒಂದೀಟು ಮುಂದ ಜಾರತೈತಿ.”

“ಆಷಾಢ ಹುಟ್ಟೇತಿ. ಹೊಸಾದು ತರಬಾರ್ದು. ಶ್ರಾವಣದಾಗ ಪಂಚಮಿ ಮಾಡಿ ಹಾಕ್ಸೂಣಂತ” ಎಂದೆ ನಾನು.

“ರಬ್ಬರಿಗ್ಯಾತರ ಆಷಾಢರಿ? ಶ್ರಾವಣ ಬರೂತನಾ ಮಳಿ ನಿಲ್ತೈತೇನು? ನೀವು ಮನ್ಯಾಗ ಕುಂತು ಪಂಚಾಂಗ ನೋಡ್ತೀರಿ. ಆ ಇಳುಕಲಿನ್ಯಾಗ ಸ್ಟೇರಿಂಗ್ ಹಿಡಿಯಾಕಿ ನಾನು.”

ಒಳಗೆ ಹೋಗಿ ರೊಟ್ಟಿಯ ದುಡ್ಡು ತಂದು ನನ್ನ ಕೈಗೆ ಹಾಕಿದಳು. ಭಾನುವಾರ ಫೋಂಡಾಕ್ಕೆ ಹೋಗಿ ನಾಲ್ಕೂ ಹೊಸವನ್ನೇ ಹಾಕಿಸಿಕೊಂಡು ಬರಬೇಕು ಎಂದಳು.

ಫೋಂಡಾದ ಟೈರಿನ ಅಂಗಡಿಯವನು ಬೆಳಗಾವಿಯ ಕಡೆಯವನು. ಎರಡು ತರಹದ ಟೈರುಗಳನ್ನು ಮುಂದಿಟ್ಟ. ಒಂದು ಗಟ್ಟಿ, ಬಾಳಿಕೆ ಬರುತ್ತದೆ, ರೊಕ್ಕವೂ ಕಡಿಮೆ, ಆದರೆ ತೋಯ್ದ ರಸ್ತೆಯಲ್ಲಿ ಹಿಡಿತ ಅಷ್ಟಕ್ಕಷ್ಟೆ. ಇನ್ನೊಂದು ಮೆತ್ತಗಿನದು, ನೀರಿನಲ್ಲಿ ನೆಲ ಕಚ್ಚಿ ಹಿಡಿಯುತ್ತದೆ, ಆದರೆ ಬೇಗ ಸವೆಯುತ್ತದೆ, ರೊಕ್ಕವೂ ಹೆಚ್ಚು. ನಾನು ಎರಡನ್ನೂ ಒತ್ತಿ ಒತ್ತಿ ನೋಡಿದೆ, ಸೀರೆಯ ಪೋತ, ನೇಯ್ಗೆಯ ಹದ ನೋಡುವ ಚಟ ಇದೆಯಲ್ಲ. ನೋಡುತ್ತಿದ್ದವನ ತಲೆಯಲ್ಲಿ ಮಾತ್ರ ಟೈರು ಇರಲಿಲ್ಲ. ಪಂಚಮಿ ಬರುತ್ತಿತ್ತು, ಹೆಣ್ಣುಮಕ್ಕಳು ಸೀರೆ ಕೊಳ್ಳುವ ಹಬ್ಬ. ಈ ದುಡ್ಡು ಇಳಕಲ್‌ಗೆ ಹೋದರೆ ಒಂದು ಗಂಟು ಹೊಸ ಮಾಲು ಬರುತ್ತದೆ, ಅದು ಮಾರಿದ ಮೇಲೆ ಮೆತ್ತಗಿನ ಟೈರನ್ನೇ ಹಾಕಿಸಿದರಾಯಿತು ಎಂದು ಲೆಕ್ಕ ಹಾಕಿದೆ. ಹೆಂಡತಿಯ ಕೈ ನೋಡುವ ಗಂಡ ಎಂದು ಜನ ಆಡಿಕೊಳ್ಳುತ್ತಿದ್ದರು. ಒಂದು ಹಬ್ಬವಾದರೂ ನನ್ನ ಅಂಗಡಿ ಎದ್ದು ಕಾಣಲಿ ಎಂಬ ಹಾಳು ಆಸೆ.

“ಆಷಾಢದಾಗ ಹೊಸಾವು ಹಾಕ್ಸಾಕ ಮನಸ್ಸು ಬರವೊಲ್ದು” ಎಂದೆ ಆತನಿಗೆ.

ಆತ ನಕ್ಕ. “ನಮ್ಮ ಮಂದಿ ಎಲ್ಲಾ ಹಿಂಗ ಅಂತಾರ್ರಿ. ಈ ತಿಂಗಳು ನಂಗ ಯಾಪಾರನ ಇರೂದಿಲ್ಲ. ಹಂಗಾರ ಇವಕ್ಕ ಗ್ರೂವ್ ಹೊಡದು ಕೊಡ್ಲೇನು? ಆದರ ಹೇಳಿರ್ತೇನಿ, ಇದು ನಾಕು ದಿನದ ಮಾತು. ಸೀದಾ ರಸ್ತೆದಾಗ ಸಾವಕಾಶ ನಡಸ್ರಿ. ಇಳುಕಲಿಗೆ ಬ್ಯಾಡ.”

ಗ್ರೂವ್ ಹೊಡೆಯುವುದೆಂದರೆ ಕಾಯಿಸಿದ ಬ್ಲೇಡಿನಿಂದ ಬೋಳು ಟೈರಿನಲ್ಲಿ ಹೊಸದಾಗಿ ಗೆರೆ ಕೊರೆಯುವುದು. ರಬ್ಬರು ಸುಟ್ಟ ನಾತ ಅಂಗಡಿಯ ತುಂಬ ಹಬ್ಬಿತು. ಕೊರೆದ ಮೇಲೆ ಕರಿ ಪಾಲಿಶ್ ಬಳಿದ. ಕಣ್ಣಿಗೆ ಥೇಟ್ ಹೊಸದು. ಒಳಗೆ ಮೊದಲಿಗಿಂತಲೂ ತೆಳುವು. ಆತ ಎಚ್ಚರಿಕೆ ಹೇಳಿಯೇ ಹೇಳಿದ್ದ, ಹಾಗಾಗಿ ತಪ್ಪನ್ನು ಆತನ ತಲೆಗೆ ಕಟ್ಟಲೂ ನನಗೆ ದಾರಿಯಿಲ್ಲ.

ಈ ಆಷಾಢದ ಮಾತು ನಾವು ಊರಿನಿಂದ ಕಟ್ಟಿಕೊಂಡು ಬಂದದ್ದು. ನಮ್ಮ ಕಡೆ ಆಷಾಢವೆಂದರೆ ಗಾಳಿ. ಮಳೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅಲ್ಲಿ ಮಳೆಗೆಂದು ಟೈರು ಬದಲಿಸಿದವನನ್ನು ನಾನು ಕಂಡೇ ಇಲ್ಲ. ಟೈರಿನೊಳಗಿನ ತಂತಿ ಹೊರಗೆ ಇಣುಕುವ ತನಕ ಓಡಿಸುವವನೇ ಜಾಣ. ಇಲ್ಲಿ ಗೋವಾದಲ್ಲಿ ಅದೇ ತಿಂಗಳು ಆಕಾಶ ಹರಿದು ಬೀಳುತ್ತದೆ. ಇಪ್ಪತ್ತು ವರ್ಷ ಈ ಮಳೆಯಲ್ಲಿ ತೊಯ್ದರೂ ನನ್ನ ತಲೆಗೆ ಅದು ಇಳಿದಿರಲಿಲ್ಲ. ಇಳಿದಿತ್ತೋ ಏನೋ, ಬೇಕಾದಾಗ ಮರೆತೆ.

ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. “ಹಾಕ್ಸಿದ್ರೀ?” ಎಂದಳು.

“ಹಾಕ್ಸೀನಿ” ಎಂದೆ. ಒಂದೇ ಶಬ್ದ. ಅಷ್ಟು ಸಲೀಸಾಗಿ ಬಂತು ನನ್ನ ಬಾಯಿಂದ.

ಆಕೆಯ ಮುಖ ಅರಳಿತು. ಒಳಗಿನಿಂದ ಅರಿಷಿಣ ಕುಂಕುಮದ ಬಟ್ಟಲು ತಂದು ನಾಲ್ಕೂ ಟೈರಿಗೆ ಹಚ್ಚಿದಳು, ಒಂದೊಂದರ ಮುಂದೆ ಒಂದೊಂದು ಲಿಂಬೆಹಣ್ಣು ಇಟ್ಟಳು. ಅಕ್ಕನನ್ನೂ ಕರೆದಳು. ಅಕ್ಕ ಕಾಯಿ ಒಡೆದು, “ಅಣ್ಣಾರ, ಚಲೋ ಮಾಡಿದ್ರಿ ನೋಡ್ರಿ. ನಮ್ಮ ಜೀವಾ ಇದರ ಮ್ಯಾಲ ಐತಿ” ಎಂದಳು. ನಾನು ಕಾರು ಮುಂದೆ ಬಿಟ್ಟು ಲಿಂಬೆಹಣ್ಣು ತುಳಿಸಿದೆ. ಥೂ! ಆಗಲಾದರೂ ಬಾಯಿಬಿಡಬಹುದಿತ್ತು. ಮರುದಿನ ಬೆಳಿಗ್ಗೆ ಆ ಇಬ್ಬರು ಹೆಂಗಸರು ಮಳೆಯಲ್ಲಿ ಇಳುಕಲಿಗೆ ಹೋಗುವುದನ್ನು ನೋಡುತ್ತ ನಾನು ಚಹಾ ಕುಡಿದೆ.

ಹನ್ನೆರಡು ದಿನ ಏನೂ ಆಗಲಿಲ್ಲ. ಹದಿಮೂರನೆಯ ದಿನ ವೆರ್ಣಾದ ದಾರಿಯ ಒಂದು ಇಳಿಜಾರಿನಲ್ಲಿ ಸ್ಕೂಟರೊಂದು ಅಡ್ಡ ಬಂತು. ಹೆಂಡತಿ ಬ್ರೇಕ್ ಒತ್ತಿದಳು. ರಸ್ತೆಯ ಮೇಲೆ ಕೆಂಪು ರಾಡಿ ಹರಿಯುತ್ತಿತ್ತು. ಕಾರು ನಿಲ್ಲಲಿಲ್ಲ, ಗಿರ್ರನೆ ತಿರುಗಿ ಎಡಗಡೆಯಿಂದ ಹೋಗಿ ಕಲ್ಲಿನ ಕಾಂಪೌಂಡಿಗೆ ಬಡಿಯಿತು. ಸ್ಕೂಟರಿನವನಿಗೆ ಏನೂ ಆಗಲಿಲ್ಲ, ನನ್ನ ಹೆಂಡತಿಗೆ ಹಣೆಯ ಮೇಲೆ ಒಂದು ಗಾಯ. ಜಾರುವ ಬುಟ್ಟಿ ಹಿಡಿಯಲು ಬಾಗಿಲ ಕಡೆ ಅಡ್ಡ ಚಾಚಿದ್ದ ಅಕ್ಕನ ಬಲಗೈ ತಗಡಿನಲ್ಲಿ ಸಿಕ್ಕಿಕೊಂಡಿತ್ತು. ಮಣಿಕಟ್ಟಿನ ಎಲುಬು ನುಚ್ಚುನೂರು.

ನಾನು ಹೋಗಿ ಮುಟ್ಟುವಷ್ಟರಲ್ಲಿ ಜನ ಕೂಡಿದ್ದರು. “ಲೇಡೀಸ್ ಡ್ರೈವರ್” ಎಂದ ಒಬ್ಬ, ಅದರಲ್ಲೇ ಎಲ್ಲ ತೀರ್ಮಾನವಾದಂತೆ. ಉಳಿದವರು ತಲೆ ಆಡಿಸಿದರು. ಹೆಂಡತಿ ಮಳೆಯಲ್ಲಿ ತೊಯ್ಯುತ್ತ ನಿಂತಿದ್ದಳು. ನನ್ನನ್ನು ಕಂಡವಳೇ ತೋಳು ಹಿಡಿದುಕೊಂಡು ಕೇಳಿದಳು: “ರೀ, ಟೈರಿನ್ಯಾಗ ಏನರ ಹೆಚ್ಚುಕಡಿಮಿ ಇತ್ತೇನ್ರಿ?”

ಅದೊಂದು ಗಳಿಗೆ. ಹೇಳಬಹುದಿತ್ತು. “ಇಲ್ಲ. ಹೊಸಾವಲ್ಲ ಅವು?” ಎಂದೆ.

“ಹಂಗಾರ ನನ್ನ ಕೈಯಿಂದನ ಆತು” ಎಂದಳು.

ಆಮೇಲಿಂದ ಆಕೆ ಸ್ಟೇರಿಂಗ್ ಮುಟ್ಟಲಿಲ್ಲ. ರೊಟ್ಟಿಯ ವ್ಯಾಪಾರ ನಿಂತಿತು. ಓಣಿಯ ನೀರಿನ ಸಾಲಿನಲ್ಲಿ ಹೆಂಗಸರು ಆಕೆಯ ಕಿವಿಗೆ ಬೀಳುವಂತೆಯೇ ಆಡಿಕೊಂಡರು: “ಬಡವಿ ಕೈ ಮುರದು ಇಟ್ಲು ನೋಡವಾ, ಕಾರಿನ ಸೊಕ್ಕಿನ್ಯಾಗ.” ಆಕೆ ದಿನಾ ಅಕ್ಕನ ಮನೆಗೆ ಹೋಗಿ ತಲೆ ಬಾಚಿದಳು, ಬಟ್ಟೆ ಒಗೆದಳು, ಅಡುಗೆ ಮಾಡಿಟ್ಟು ಬಂದಳು. ಸಂಜೆ ಬಂದು ಗೋಡೆಗೆ ಮುಖ ಮಾಡಿ ಮಲಗಿದಳು. ಪಂಚಮಿಗೆ ತರಿಸಿದ ಸೀರೆಗಳು ಚಲೋ ಮಾರಿದವು. ಅದನ್ನು ಬರೆಯುವಾಗ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಕಾರು ಗಣೇಶ ಚೌತಿ ಮುಗಿಯುವ ತನಕ ಗ್ಯಾರೇಜಿನಲ್ಲಿತ್ತು. ಅಲ್ಲಿಂದ ತರುವ ಮುನ್ನ ನಾಲ್ಕೂ ಟೈರನ್ನು ಗುಟ್ಟಾಗಿ ಬದಲಿಸಿದೆ. ಮೆತ್ತಗಿನವೇ, ಹಿಡಿತದವೇ. ಹಳೆಯವನ್ನು ಅಲ್ಲೇ ಬಿಟ್ಟು ಬಂದೆ. ಪಾಪ ತೊಳೆದುಕೊಳ್ಳಲು ಹಾಕಿಸಿದೆ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಯಾರಾದರೂ ನೋಡಿಯಾರು ಎಂಬ ಹೆದರಿಕೆ, ಅಷ್ಟೇ.

ಅಕ್ಕನ ಕೈಗೆ ಇನ್ನೊಂದು ಆಪರೇಶನ್ ಆಗಬೇಕು ಎಂದರು ಡಾಕ್ಟರು. ಹೆಂಡತಿ, ಕಾರು ಮಾರಿಬಿಡ್ರಿ, ಬಂದದ್ದೆಲ್ಲ ಅಕ್ಕನಿಗೆ ಎಂದಳು. ದೀಪಾವಳಿಯಾದ ಮೇಲೆ ಒಂದು ಮುಂಜಾನೆ ಗಿರಾಕಿ ಬಂದ. ಫೋಂಡಾದಲ್ಲಿ ಬಾಡಿಗೆ ಗಾಡಿ ಓಡಿಸುವವನು, ಹುಬ್ಬಳ್ಳಿಯ ಮಾತು. ಎಂಜಿನ್ ಚಾಲೂ ಮಾಡಿ ಕೇಳಿದ, ಬಾಗಿಲು ತೆರೆದು ಹಾಕಿ ನೋಡಿದ, ಕೊನೆಗೆ ಟೈರಿನ ಹತ್ತಿರ ಕೂತ. ಹೆಂಡತಿ ಚಹಾ ಹಿಡಿದುಕೊಂಡು ಹೊರಗೆ ಬಂದಳು.

“ಟೈರ್ ಭಾರಿ ಚಲೋ ಅದಾವ್ರಿ” ಎಂದ ಆತ. “ಇಲ್ಲಿ ಪಕ್ಕದಾಗ ನಾಕು ಅಂಕಿ ಇರ್ತಾವ ನೋಡ್ರಿ. ಮದಲಿನ ಎರಡು ವಾರ, ಆಮ್ಯಾಲಿನ ಎರಡು ವರ್ಷ. ಮೂವತ್ಮೂರನೇ ವಾರ ಐತಿ. ಅಂದ್ರ ಇವು ಈ ಆಗಸ್ಟಿನ್ಯಾಗ ತಯಾರಾದ ಮಾಲು. ಇನ್ನೂ ವಾಸನಿ ಹೋಗಿಲ್ಲ.”

ಹೆಂಡತಿ ಚಹಾದ ತಾಟನ್ನು ಕಟ್ಟೆಯ ಮೇಲಿಟ್ಟಳು. “ನಾಲ್ಕೂ ನೋಡ್ರಿ ತಮ್ಮಾ” ಎಂದಳು.

ಆತ ಸುತ್ತು ಹಾಕಿ ಬಂದ. “ನಾಲ್ಕೂ ಅದ ವಾರದವ್ರಿ ಅಕ್ಕಾರ.”

“ಹಂಗಾರ ಜುಲೈದಾಗ ಇವು ಹುಟ್ಟಿರಲೇ ಇಲ್ಲನ್ರಿ.”

“ಹೆಂಗ ಹುಟ್ಟತಾವ್ರಿ?” ಎಂದು ಆತ ನಕ್ಕ.

ಕಾರು ಬಡಿದದ್ದು ಜುಲೈಯಲ್ಲಿ. ಹೆಂಡತಿ ನನ್ನ ಕಡೆ ನೋಡಲಿಲ್ಲ. ತನ್ನ ಎರಡೂ ಕೈಗಳನ್ನು ಮುಂದೆ ಚಾಚಿ, ಹಿಂದೆ ಮುಂದೆ ತಿರುಗಿಸಿ, ಬಹಳ ಹೊತ್ತು ನೋಡಿಕೊಂಡಳು. ಆಮೇಲೆ ಆತನಿಗೆ ಕೀಲಿ ಕೊಟ್ಟು, “ಒಯ್ರಿ ತಮ್ಮಾ, ಸಾವಕಾಶ ಹೋಗ್ರಿ” ಎಂದಳು. ಬೈದಿದ್ದರೆ, ಕಪಾಳಕ್ಕೆ ಹೊಡೆದಿದ್ದರೆ ನಾನು ಬದುಕುತ್ತಿದ್ದೆ. ಒಳಗೆ ಹೋಗುವಾಗ ಬಾಗಿಲಲ್ಲಿ ನಿಂತು ಹೇಳಿದಳು:

“ಅಕ್ಕಗ ನಾ ಹೇಳೂದಿಲ್ಲ. ನೀವ ಹೇಳಬೇಕು. ನೀವು ಹೇಳೂತನಾ ಆಕಿ ಕೈ ಮುರದಾಕಿ ನಾನ ಆಗಿರ್ತೇನಿ.”

ಅದಾಗಿ ಎಷ್ಟೋ ತಿಂಗಳಾದವು. ಕಾರಿನ ದುಡ್ಡಿನಲ್ಲಿ ಆಪರೇಶನ್ ಆಯಿತು, ಆದರೂ ಅಕ್ಕನ ಬೆರಳು ಮಡಚುವುದಿಲ್ಲ. ನನ್ನ ಹೆಂಡತಿ ಈಗಲೂ ಎರಡು ಓಣಿ ಹತ್ತಿ ಹೋಗಿ ಬಟ್ಟೆ ಒಗೆದು ಬರುತ್ತಾಳೆ, ನೀರಿನ ಸಾಲಿನಲ್ಲಿ ಅದೇ ಮಾತು ಕೇಳುತ್ತಾಳೆ. ನನ್ನೊಡನೆ ಊಟಕ್ಕೆ ಕರೆಯುವಷ್ಟೇ ಮಾತು.

ಮೊನ್ನೆ ಹೇಳಿಯೇ ಬಿಡುತ್ತೇನೆಂದು ಅಂಗಡಿಯ ಬಾಗಿಲು ಹಾಕಿ ಅಕ್ಕನ ಮನೆಗೆ ಹೋದೆ. ಆಕೆ ಎಡಗೈಯಲ್ಲಿ ಹಿಟ್ಟು ಬಡಿಯಲು ನೋಡುತ್ತಿದ್ದಳು. ರೊಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ಹರಿದಿತ್ತು. ನನ್ನನ್ನು ಕಂಡು ಮಣೆ ಸರಿಸಿದಳು. ನಾನು ಬಾಯಿ ತೆರೆಯುವ ಮೊದಲೇ ಆಕೆಯೇ ಶುರುಮಾಡಿದಳು.

“ಅಣ್ಣಾರ, ವೈನ್ಯಾರ ಮ್ಯಾಲ ಸಿಟ್ಟು ಇಟ್ಕೋಬ್ಯಾಡ್ರಿ. ಮನ್ಯಾಗ ನೀವಿಬ್ರೂ ಮಾತಾಡೂದಿಲ್ಲಂತ ಮಂದಿ ಅಂತಾರ. ಆಕಿ ಕೈ ಆವತ್ತು ತಪ್ಪಿತು, ಏನ್ ಮಾಡೂದು, ಯಾರ ಕೈ ತಪ್ಪೂದಿಲ್ಲ? ಪಾಪ, ನೀವರ ಏನು ಕಡಿಮಿ ಮಾಡಿದ್ರಿ? ನಾಲ್ಕೂ ಹೊಸಾವ ಹಾಕ್ಸಿ ಕೊಟ್ಟಿದ್ರಿ. ನಾನ ಕಾಯಿ ಒಡದೇನಲ್ಲ. ಆಕಿನ್ನ ಕ್ಷಮಾ ಮಾಡಿಬಿಡ್ರಿ ಅಣ್ಣಾರ, ನನ್ನ ಮಾತಿಗಾಗಿ.”

“ಆತ್ರಿ ಅಕ್ಕಾ” ಎಂದೆ. “ಮಾಡ್ತೇನಿ.”