ಹಗೇವಿನಿಂದ ಹತ್ತಿ ಹೋದವಳು

ನಾನು ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು. ಕಣ್ಣಾರೆ ಕಂಡದ್ದನ್ನೂ ಅಳೆದು ನೋಡಿಯೇ ನಂಬುವ ಅಭ್ಯಾಸ. ಆದರೂ ಹೇಳುತ್ತೇನೆ, ದಂಡಿನಶಿವರದ ಹತ್ತಿರ ಅಂದು ನನಗಾದದ್ದು ಕನಸಲ್ಲ…

ಗಂಗಾಧರಯ್ಯನವರ ತೆಂಗಿನ ತೋಟದಲ್ಲಿ ಪೈಪು ಹೂಳಲು ಜೆಸಿಬಿ ಅಗೆಯುವಾಗ ಚಪ್ಪಡಿಯೊಂದು ಸರಿದು ಹಳೆಯ ಹಗೇವು ಬಾಯಿಬಿಟ್ಟಿತ್ತು. ಹಿಂದೆ ಧಾನ್ಯ ತುಂಬಿಡುತ್ತಿದ್ದ ನೆಲದೊಳಗಿನ ಗುಂಡಿ ಅದು. ಮಡಕೆಯಂತೆ ಬಾಯಿ ಕಿರಿದು, ಹೊಟ್ಟೆ ಅಗಲ. ತಳದಲ್ಲಿ ಸುಟ್ಟು ಕರಿಯಾದ ರಾಗಿ ಇದೆಯೆಂದು ಸುದ್ದಿ ಬಂತು.

ಹಳೆಯ ವಸ್ತುವಿನಲ್ಲಿ ಉಳಿದಿರುವ ರೇಡಿಯೋ ಕಾರ್ಬನ್ ಪರಮಾಣುಗಳನ್ನೇ ಎಣಿಸಿ ವಯಸ್ಸು ಹೇಳುವ ಯಂತ್ರ ನಮ್ಮಲ್ಲಿದೆ. ಮೊದಲು ಇಂಥದ್ದಕ್ಕೆ ದೊಡ್ಡ ಕಟ್ಟಡವೇ ಬೇಕಿತ್ತು. ಈಗಿನದು ಒಂದು ಕೋಣೆಯಲ್ಲಿ ಹಿಡಿಸುತ್ತದೆ. ಅದಕ್ಕೆ ನಾಲ್ಕಾರು ರಾಗಿ ಕಾಳು ಸಾಕು. ಬೆಳಗಾದರೆ ಗುಂಡಿ ಮುಚ್ಚುವವರಿದ್ದರು. ಕತ್ತಲಾಗಿದ್ದರೂ ಇಳಿಯಲೇಬೇಕಾಯಿತು.

ಗಂಗಾಧರಯ್ಯ ಮೊದಲು ಹಗ್ಗಕ್ಕೆ ಲಾಟೀನು ಕಟ್ಟಿ ಇಳಿಬಿಟ್ಟರು. ಆರಲಿಲ್ಲ.

"ಗಾಳಿ ಐತೆ, ಇಳೀರಿ ಮೇಡಮ್ಮೋರೆ. ನಾನಿಲ್ಲೇ ಇರ್ತೀನಿ."

ಏಣಿ ಹಿಡಿದು ಇಳಿದೆ. ಒಳಗೆ ಹಳೆಯ ಹೊಗೆಯ ವಾಸನೆ. ಬರಿಗೈ ತಾಗಿದರೆ ಲೆಕ್ಕ ಕೆಡುತ್ತದೆಂದು ಗ್ಲೌಸ್ ಹಾಕಿ, ಚಿಮಟದಿಂದ ಕಾಳು ಆರಿಸಿ ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತುತ್ತಿದ್ದೆ. ಬೆನ್ನ ಹಿಂದೆ ಏಣಿ ಕಿರ್ರೆಂದಿತು.

ತಿರುಗಿದೆ. ಯಾರೂ ಇಲ್ಲ… ಏಣಿಯ ಮೆಟ್ಟಿಲುಗಳು ಮಾತ್ರ ಭಾರ ಬಿದ್ದಂತೆ ಒಂದೊಂದಾಗಿ ಬಾಗುತ್ತಿದ್ದವು. ಕೆಳಗಿನಿಂದ ಮೇಲಕ್ಕೆ.

"ಆಯ್ತಾ? ಹುಷಾರು, ಕೈ ಕೊಡಿ" ಎಂದರು ಮೇಲಿದ್ದ ಗಂಗಾಧರಯ್ಯ.

"ಆಯ್ತು" ಎಂದಿತು ಒಂದು ಹೆಣ್ಣುದನಿ.

ಅದು ನನ್ನ ದನಿ!

ಕೂಗಲು ಬಾಯಿ ತೆರೆದರೆ ನನ್ನ ದನಿ ನನ್ನಲ್ಲಿರಲಿಲ್ಲ. ಏಣಿ ಮೇಲಕ್ಕೆ ಹೋಯಿತು. ಹಿಂದೆಯೇ ಲಾಟೀನೂ ಹೋಯಿತು. ಇಬ್ಬರ ಹೆಜ್ಜೆ ಸದ್ದು ಮನೆಯ ಕಡೆ ಸಾಗಿ ಅಡಗಿದ ಮೇಲಷ್ಟೇ ನನ್ನ ಬಾಯಿಂದ ಚೀತ್ಕಾರ ಹೊರಟಿತು.

ಗೋಡೆ ಒಳಕ್ಕೆ ಬಾಗಿದ್ದರಿಂದ ಹತ್ತಲು ಹಿಡಿತವಿಲ್ಲ. ಪರಚಿದಷ್ಟೂ ಮಣ್ಣು ಉದುರಿ ಕಣ್ಣಿಗೆ ಬೀಳುತ್ತಿತ್ತು. ಫೋನ್ ಮೇಲಿನ ಬ್ಯಾಗಿನಲ್ಲಿತ್ತು. ಕೂಗಿದ ಕೂಗೆಲ್ಲ ಆ ಹೊಟ್ಟೆಯೊಳಗೇ ಸುತ್ತಿ ನನ್ನ ಕಿವಿಗೇ ಬಂದು ಬೀಳುತ್ತಿತ್ತು…

ಎಷ್ಟು ಹೊತ್ತಾಯಿತೋ, ಮೇಲೆ ಸದ್ದಾಯಿತು. ಬದುಕಿದೆ ಅಂದುಕೊಂಡೆ. ಆದರೆ ಅದು ಕಲ್ಲು ನೆಲಕ್ಕೆ ಉಜ್ಜುವ ಸದ್ದು. ಚಪ್ಪಡಿ! ತಲೆಯ ಮೇಲಿನ ಆಕಾಶದ ಚೂರು ಕಿರಿದಾಗತೊಡಗಿತು. ಇದ್ದ ಉಸಿರನ್ನೆಲ್ಲ ಸೇರಿಸಿ ಕಿರುಚಿದೆ.

ಕಲ್ಲು ನಿಂತಿತು.

"ಶಿವನೇ… ಯಾರದು?"

"ನಾನೇ ಕಣ್ರೀ! ಏಣಿ ಇಳಿಸ್ರೀ!"

ಮೇಲೆ ಬಂದಾಗ ಗಂಗಾಧರಯ್ಯ ನನ್ನನ್ನು ಮುಟ್ಟಲೂ ಹೆದರಿ ದೂರ ನಿಂತಿದ್ದರು. "ನೀವು ಆಗ್ಲೇ ಹತ್ತಿ ಬಂದ್ರಲ್ಲ… ಜಗಲಿ ಮ್ಯಾಲೆ ಕುಂತವ್ರೆ… ದನಗಿನ ಬಿದ್ದಾವು, ಈಗ್ಲೇ ಮುಚ್ಬುಡಿ ಅಂತ ಅಂದೋರೂ ನೀವೇ!"

ಮನೆಗೆ ಓಡಿದೆವು. ಅವರ ಹೆಂಡತಿ ಶಿವಮ್ಮ ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ಈಗ ಇಲ್ಲೇ ಕುಂತಿದ್ರಲ್ಲ ಮೇಡಮ್ಮೋರೆ! ಕಾಪಿ ತರೋಷ್ಟ್ರಲ್ಲಿ ತ್ವಾಟದ ಕಡೆಯಿಂದ ಹೆಂಗ್ ಬಂದ್ರಿ?"

ಜಗಲಿಯ ಮೇಲೆ ಒಂದು ಹಿಡಿ ರಾಗಿ ಇತ್ತು. ಸುಟ್ಟದ್ದಲ್ಲ, ಕೆಂಪಗೆ ಹೊಳೆಯುವ ರಾಗಿ. ಶಿವಮ್ಮ ಅದನ್ನು ತೋರಿಸಿ, "ಮಡಿಕ್ಕಳಿ ಅಂತ ನೀವೇ ಕೊಟ್ರಲ್ಲ" ಎಂದರು.

ಗುಂಡಿಯ ಕೆಟ್ಟ ಗಾಳಿಗೆ ಭ್ರಮೆಯಾಗಿರಬೇಕು ಎಂದರು ಸಹೋದ್ಯೋಗಿಗಳು. ಹೊರಗಿದ್ದ ಆ ಇಬ್ಬರಿಗೂ ಭ್ರಮೆಯೇ? ಎರಡೂ ರಾಗಿಯನ್ನು ಯಂತ್ರಕ್ಕೆ ಕೊಟ್ಟೆ.

ಯಂತ್ರ ನೋಡಿಕೊಳ್ಳುವ ಗೆಳತಿ ಮೀರಾ ಫೋನ್ ಮಾಡಿದಳು. "ಎರಡೂ ಒಂದೇ ಕಾಲದ್ದು ಕಣೇ, ನೂರಾರು ವರ್ಷ ಹಳೇದು. ಆದ್ರೆ ಆ ಕೆಂಪು ರಾಗಿ ನಿನ್ನೆ ಒಕ್ಕಿದ ಹಾಗಿದೆಯಲ್ಲ! ಎಲ್ಲಿ ಸಿಕ್ತು?"

"ಒಬ್ಬಳು ಕೊಟ್ಟಳು" ಎಂದಷ್ಟೇ ಹೇಳಿದೆ.

ನಾನು ಮೇಲೆ ಬಂದ ಮರುದಿನವೇ ಹಗೇವು ಮುಚ್ಚಿ ಮಣ್ಣೆಳೆದರಂತೆ. ಜಗಲಿಯಿಂದ ಎದ್ದವಳು ಎಲ್ಲಿಗೆ ಹೋದಳೋ ಯಾರೂ ಕಂಡಿಲ್ಲ. ಅದಕ್ಕೂ ಮುಂಚೆ ಒಳಗೆ ಯಾರಾದರೂ ಇದ್ದಾರಾ ಎಂದು ಒಮ್ಮೆ ಕೂಗಿ ನೋಡಿದರೋ ಇಲ್ಲವೋ… ಗಂಗಾಧರಯ್ಯನವರನ್ನು ಕೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ.