ಟ್ರಂಕ್ ಕಾಲಿನಲ್ಲಿ ಕೇಳಿಸಿದ ಸೋಲು

ಹೋದ ವಾರ ತೇನಿಯಲ್ಲಿ ನೆಂಟರ ಮದುವೆ. ಮೇಜಿನ ಪಂಕ್ತಿಯಲ್ಲಿ ಕೂತು ಎಲೆಗೆ ನೀರು ಚಿಮುಕಿಸುತ್ತಿದ್ದೆ. ಹುಡುಗನೊಬ್ಬ ಬಂದು ಕಾಲು ಮುಟ್ಟಿ, "ತಾತಾ, ಪೋನ ತಿಂಗ್ಳು ನನ್ ಸೋಲೋ ಮುಗೀತು" ಎಂದ. ಯಾವುದೋ ವಿಮಾನ ಕಂಪನಿಗೆ ಕೆಡೆಟ್ ಪೈಲಟ್ ಆಗಿ ಸೇರಿದ್ದಾನಂತೆ. ಕಲಿಸುವವರು ಪಕ್ಕದಲ್ಲಿಲ್ಲದೆ ಮೊದಲ ಸಲ ಒಬ್ಬನೇ ವಿಮಾನ ಹಾರಿಸಿ ಇಳಿಸುವುದಕ್ಕೆ ಸೋಲೋ ಎನ್ನುತ್ತಾರೆ. ಬೆನ್ನು ತಟ್ಟಿ ಶಭಾಷ್ ಎಂದೆ ನಿಜ, ಆದರೆ ಮೈಯೆಲ್ಲ ಉರಿಯಿತು. ಹುಡುಗನ ಮೇಲಲ್ಲ, ಆ ಶಬ್ದದ ಮೇಲೆ. ಒಂದು ಶಬ್ದದ ಮೇಲೆ ಯಾರಾದರೂ ಅರವತ್ತು ವರ್ಷ ಸಿಟ್ಟು ಇಟ್ಟುಕೊಳ್ಳುತ್ತಾರೆಯೇ ಎಂದು ಕೇಳಬೇಡಿ. ನಾನು ಇಟ್ಟುಕೊಂಡಿದ್ದೇನೆ.

ನಮ್ಮದು ತಮಿಳುನಾಡಿನ ಕಂಬಂ ಕಣಿವೆಯ ಕನ್ನಡದ ಮನೆ. ಯಾವ ಕಾಲದಲ್ಲೋ ಬಂದು ಬೇಸಾಯ ಹಿಡಿದು ನೆಲೆನಿಂತವರು. ಸಂತೆಯಲ್ಲಿ ತಮಿಳು, ಒಲೆಯ ಮುಂದೆ ಕನ್ನಡ. ಆ ಕನ್ನಡವನ್ನು ಮೈಸೂರಿನವರು ಕೇಳಿದರೆ ಇದು ಯಾವ ಭಾಷೆ ಸ್ವಾಮಿ ಅನ್ನುತ್ತಾರೆ, ಆ ಸಂಕಟವೇ ಬೇರೆ. ಅರವತ್ತರ ದಶಕದಲ್ಲಿ ಅಂಥ ಮನೆಯಿಂದ ಪೈಲಟ್ ಆಗುತ್ತೇನೆಂದು ಪೆಟ್ಟಿಗೆ ಕಟ್ಟಿದವನು ನಾನು. ಕಾಲೇಜು ಗೋಡೆಯ ಮೇಲೆ ಒಂದು ವಿಮಾನದ ಚಿತ್ರ ನೋಡಿದ್ದೆ, ಅಷ್ಟೇ ಕಾರಣ. ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ದೂರದ ಊರಿನ ಫ್ಲೈಯಿಂಗ್ ಕ್ಲಬ್ಬಿನಲ್ಲಿ ನಾನು ಮುಖ್ಯವಾಗಿ ಕಲಿತದ್ದು ಬೆಂಚಿನ ಮೇಲೆ ಕೂರುವುದನ್ನು. ಇದ್ದ ವಿಮಾನಗಳೇ ಎರಡು. ಒಂದರ ರೆಕ್ಕೆ ಸದಾ ಬಿಚ್ಚಿಟ್ಟಿರುತ್ತಿತ್ತು. ಇನ್ನೊಂದಕ್ಕೆ ನಮ್ಮದೊಂದು ದೊಡ್ಡ ಸಾಲು. ನನ್ನ ಸರದಿ ಬಂದರೆ ಮೋಡ ಬರುತ್ತಿತ್ತು. ಮೋಡ ಸರಿದರೆ ಗಾಳಿ. ಗಾಳಿ ನಿಂತರೆ ಮೇಷ್ಟರಿಗೆ ರಜೆ. ಒಮ್ಮೆ ಎಲ್ಲವೂ ಕೂಡಿಬಂದಾಗ ವೈದ್ಯರು ನನ್ನ ಗಂಟಲಿನ ಗ್ರಂಥಿ ಸರಿಯಿಲ್ಲ, ಕೊಯ್ಸಿಕೊಂಡು ಬಾ ಎಂದರು. ಗಂಟಲಿಗೂ ಹಾರುವುದಕ್ಕೂ ಏನು ಸಂಬಂಧ? ಕೊಯ್ಸಿಕೊಂಡೆ. ಮರಳಿ ಬಂದಾಗ ಸಾಲಿನ ಕೊನೆಗೆ ನಿಲ್ಲಿಸಿದರು.

ಇತ್ತ ಊರಿನಲ್ಲಿ ಮಾಮ, ಅಂದರೆ ನನ್ನ ತಾಯಿಯ ತಮ್ಮ, ನನಗಾಗಿ ಕಾಯುತ್ತಿದ್ದ. ಮಾಮನ ಮಗಳು ಜಾನಕಿ ನನಗೇ ಎಂದು ಅವಳು ಹುಟ್ಟಿದ ದಿನವೇ ಎರಡೂ ಮನೆಯವರು ಮಾತಾಡಿಕೊಂಡಿದ್ದರು. ಅವರು ಮಾತಾಡಿಕೊಳ್ಳದಿದ್ದರೂ ನಾನು ಅವಳನ್ನೇ ಕೇಳುತ್ತಿದ್ದೆ. ದಿಂಡಿಗಲ್ಲಿನ ಹಾಸ್ಟೆಲಿನಲ್ಲಿದ್ದು ಹೈಸ್ಕೂಲು ಮುಗಿಸಿದ್ದಳು. ಹೆಚ್ಚು ಮಾತಿಲ್ಲ, ಆದರೆ ನಾನು ಜಂಬ ಕೊಚ್ಚಿದಾಗ ತುಟಿ ಒತ್ತಿ ನಗು ತಡೆಯುತ್ತಿದ್ದಳು. ಅದೊಂದನ್ನು ನೋಡಲು ನಾನು ಎಷ್ಟು ಜಂಬ ಬೇಕಾದರೂ ಕೊಚ್ಚಬಲ್ಲವನಾಗಿದ್ದೆ. ತರಬೇತಿ ಮುಗಿಯಲಿ, ಮರುದಿನವೇ ವೀಳ್ಯ ಬದಲಾಯಿಸೋಣ ಎಂದಿದ್ದ ಮಾಮ.

ಮಾಮನಿಗೆ ಒಂದು ಲಾರಿ ಇತ್ತು. ಕಣಿವೆಯ ತರಕಾರಿಯನ್ನು ಒಡ್ಡನ್‌ಛತ್ರಂ ಮಂಡಿಗೆ ಸಾಗಿಸುತ್ತಿದ್ದ. ಹಾಗಾಗಿ ವಾಹನ ಚಾಲನೆಯಲ್ಲಿ ತಾನು ಪಂಡಿತ ಎಂಬ ಭಾವನೆ. ರಜೆಗೆ ಹೋದಾಗಲೆಲ್ಲ ಮಾಪ್ಳೆ, ಅಂದರೆ ಅಳಿಯ, ಎಂದು ಕರೆದು ವಿಚಾರಣೆ.

"ಏನ್ ಮಾಪ್ಳೆ, ಇನ್ನಾ ಮುಗೀಲಿಲ್ವಾ? ನನ್ ಡ್ರೈವರು ಒಂದ್ ಮಳೆಗಾಲ್ದಾಗೆ ಲಾರಿ ಓಟ್ಟೋಕೆ ಕಲ್ತ. ಆಕಾಸ್ದಾಗೆ ಎದ್ರುಗೆ ಎತ್ತಿನ್ ಗಾಡಿ ಬರಲ್ಲ, ಆಡು ಅಡ್ಡ ಬರಲ್ಲ. ಅಲ್ಲಿ ಕಲಿಯೋಕೆ ಏನೈತೆ?"

ಇದಕ್ಕೆ ನೀವಾದರೆ ಏನು ಉತ್ತರ ಕೊಡುತ್ತಿದ್ದಿರಿ? ಗಾಳಿಯ ಒತ್ತಡ, ದಿಕ್ಸೂಚಿಯ ದೋಷ ಎಂದು ಶುರು ಮಾಡಿದರೆ ಮಾಮ ಎದ್ದು ಟೈರಿಗೆ ಗಾಳಿ ಎಷ್ಟಿದೆ ನೋಡಲು ಹೋಗುತ್ತಿದ್ದ.

ಕೊನೆಗೂ ಒಂದು ಬೆಳಿಗ್ಗೆ ಮೇಷ್ಟರು ವಿಮಾನದಿಂದ ಇಳಿದು ಬಾಗಿಲು ಹಾಕಿ, ಹೋಗು ಎಂದು ಕೈ ಬೀಸಿದರು. ಪಕ್ಕದ ಸೀಟು ಖಾಲಿ. ನನ್ನ ಜೀವನದಲ್ಲಿ ಯಾರೂ ಬುದ್ಧಿ ಹೇಳದ ಮೊದಲ ಹತ್ತು ನಿಮಿಷ ಅದು. ಕೆಳಗಿಳಿದಾಗ ಗೆಳೆಯರು ತಲೆಯ ಮೇಲೆ ಬಕೆಟ್ ನೀರು ಸುರಿದರು. ಆ ಒದ್ದೆ ಬಟ್ಟೆಯಲ್ಲೇ ಅಂಚೆ ಕಚೇರಿಗೆ ಓಡಿ, ಮಾಮನ ಲಾರಿ ಆಫೀಸಿಗೆ ಟ್ರಂಕ್ ಕಾಲ್ ಹಾಕಿಸಿ ಕಾದೆ. ಕಾಯುವುದರಲ್ಲಿ ಅಷ್ಟು ಹೊತ್ತಿಗೆ ನಾನು ಪಳಗಿದ್ದೆ.

"ಮಾಮಾ! ಸೋಲೋ! ನಂದು ಸೋಲೋ ಆಯ್ತು!" ಎಂದು ಕಿರುಚಿದೆ.

ಆ ಕಡೆ ಬರೀ ಗೊರಗೊರ. ಆಮೇಲೆ ಮಾಮನ ದನಿ, ಎಂದೂ ಇಲ್ಲದಷ್ಟು ಮೆತ್ತಗೆ: "ಇರ್ಲಿ ಬುಡು ಮಾಪ್ಳೆ. ಕವಲೆ, ಚಿಂತೆ ಏನೂ ಪಡಬ್ಯಾಡ. ಮನೇಗೆ ಬಾ."

ರಜೆ ಸಿಕ್ಕಿ ಊರಿಗೆ ಹೋದೆ. ಬಸ್ಸಿಳಿದಲ್ಲಿಂದ ಮನೆಯವರೆಗೆ ಒಬ್ಬೊಬ್ಬರೂ ಭುಜ ಹಿಡಿದು ಸಮಾಧಾನ ಹೇಳುತ್ತಿದ್ದಾರೆ. ದ್ರಾಕ್ಷಿ ತೋಟ ಇದೆಯಲ್ಲ, ಯಾಕೆ ಚಿಂತೆ ಎನ್ನುತ್ತಾರೆ. ಅಜ್ಜಿ ನನ್ನ ಕೈಕಾಲು ತಡವಿ, "ಎಲ್ಲಾ ಸರಿಯಾಗೈತಲ್ಲ, ಅದೇ ಸಾಕು ಕಣಪ್ಪಾ" ಎಂದು ಅತ್ತಳು. ಸೋಲೋ ಎಂದದ್ದು ಸೋಲು ಆಗಿದೆ ಎಂದು ನನಗೆ ಹೊಳೆಯಲು ಅರ್ಧ ದಿನ ಹಿಡಿಯಿತು. ಪಕ್ಕದ ತಮಿಳರ ಮನೆಯವರು ಫೋನ್ ಎತ್ತಿದ್ದರೆ ಸೋಲೋ ಎಂದರೇನು ಎಂದು ಕೇಳುತ್ತಿದ್ದರು. ಅವರ ಭಾಷೆಯಲ್ಲಿ ಸೋಲಿಗೆ ಬೇರೆ ಮಾತಿದೆ. ಮಾಮ ಕೇಳಲಿಲ್ಲ. ಅವನ ಕಿವಿಗೆ ಅದು ಮನೆಯ ಮಾತು. ಮಂಡಿ, ಲಾರಿ, ಲೆಕ್ಕ, ಬೈಗುಳ ಎಲ್ಲವನ್ನೂ ತಮಿಳಿಗೆ ಕೊಟ್ಟುಬಿಟ್ಟ ನಮ್ಮ ಜನ ಈ ದರಿದ್ರ ಶಬ್ದವನ್ನು ಮಾತ್ರ ಅಷ್ಟು ಜೋಪಾನವಾಗಿ ಉಳಿಸಿಕೊಳ್ಳಬೇಕಿತ್ತೇ!

ಓಡಿಹೋಗಿ ಮಾಮನಿಗೆ ಎಲ್ಲ ಬಿಡಿಸಿ ಹೇಳಿದೆ. ಮಾಮ ತಲೆ ಕೆರೆದುಕೊಂಡ.

"ಅಂಗಾದ್ರೆ ಪಾಸಾ? ಮುಗೀತಾ?"

"ಇಲ್ಲ ಮಾಮಾ, ಇದು ಮೊದಲ್ನೇ ಮೆಟ್ಲು. ಇನ್ನ ಎ ಲೈಸೆನ್ಸು, ಬಿ ಲೈಸೆನ್ಸು, ಆಮೇಲೆ ಕಂಪನಿಯೋರ ಟ್ರೈನಿಂಗು..."

"ಅಯ್ಯೋ, ಸೋತಿದ್ರೇ ವಾಸಿ ಇತ್ತಲ್ಲೋ" ಎಂದ ಮಾಮ. ಆಮೇಲೆ ನನ್ನ ಮುಖ ನೋಡದೆ ಹೇಳಿದ, ನನ್ನ ಫೋನ್ ಬಂದ ಮೇಲೆ ಒಡ್ಡನ್‌ಛತ್ರದ ಮಂಡಿಯವರ ಮನೆಗೆ ಜಾನಕಿಯನ್ನು ಕೊಡುವುದೆಂದು ಮಾತಾಗಿದೆ, ವೀಳ್ಯ ಬದಲಾಯಿಸಿಯಾಗಿದೆ. ಸೋತು ಬಂದವನ ಮುಂದೆ ಮದುವೆಯ ಮಾತೆತ್ತಬಾರದೆಂದು ತಿಳಿಸಿರಲಿಲ್ಲವಂತೆ. ನಾನು ಅತ್ತೆ ಕೊಟ್ಟ ಕಾಫಿಯನ್ನು ಮುಟ್ಟದೆ ಎದ್ದು ಬಂದೆ. ಕೊಟ್ಟ ವೀಳ್ಯವನ್ನು ನಮ್ಮಲ್ಲಿ ಯಾರೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಆಮೇಲೆ ಎಲ್ಲವೂ ಆಯಿತು, ಎಲ್ಲವೂ ತಡವಾಗಿ. ಪೈಲಟ್ ಆದೆ, ಮದುವೆಯಾದೆ, ಕೆಟ್ಟದಾಗೇನೂ ಬಾಳಲಿಲ್ಲ. ಮಾಮನ ಮೇಲಿನ ಸಿಟ್ಟು ಮಾತ್ರ ಮಾಮ ಸತ್ತರೂ ಸಾಯಲಿಲ್ಲ. ಒಂದೇ ಒಂದು ಸಲ, ಏನಂದೆ ಮಾಪ್ಳೆ ಎಂದು ಕೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತು?

ಅದನ್ನೇ ಹೋದ ವಾರ ಪಂಕ್ತಿಯಲ್ಲಿ ಗೊಣಗಿದೆ. ಪಕ್ಕದ ಎಲೆಯಲ್ಲಿ ಕೂತಿದ್ದವಳು ಜಾನಕಿಯೇ. ಕೂದಲೆಲ್ಲ ಬೆಳ್ಳಗಾಗಿದೆ, ಕಿವಿ ಮಾತ್ರ ಇನ್ನೂ ಚುರುಕಾಗೇ ಇದೆ.

"ಅಪ್ಪ ಕೇಳ್ಲಿಲ್ಲ, ಸರಿ. ನಾನ್ ಕೇಳ್ದೆ ಬಾವಾ" ಎಂದಳು. "ಬಾವ ಏನ್ ಅಂದ್ರು, ಅಂದಂಗೇ ಸೊಲ್ಲಪ್ಪಾ, ಹೇಳು ಅಂದೆ. ಸೋಲೋ ಅಂದ ಅಂದ್ರು. ಹಾಸ್ಟೆಲ್ನಾಗೆ ಸೋಲೋ ಹಾಡು, ಸೋಲೋ ಡ್ಯಾನ್ಸು ಎಲ್ಲಾ ನೋಡಿದ್ದೋಳು ನಾನು. ತಿಳೀದೇ ಇರ್ತದಾ?"

ಕೈಯ ತುತ್ತನ್ನು ಎಲೆಗೆ ಇಟ್ಟು ಅವಳ ಕಡೆ ತಿರುಗಿದೆ. "ಮತ್ಯಾಕೆ ಸುಮ್ನಿದ್ದೆ?"

"ಸೊಲ್ಲಿದ್ರೆ ಇನ್ನಾ ಎಷ್ಟ್ ವರುಸ ಬಾಕ್ಲಾಗೆ ಕೂತಿರ್ಬೇಕಿತ್ತು? ಬಂದಾಗೆಲ್ಲಾ ಬೆಂಚು, ಮೋಡ, ಮೇಷ್ಟ್ರು ಅಂತ ಗೋಳು ಪುಲಂಬ್ತಿದ್ರಿ. ನೀ ಎಂಗಿದ್ದೀ ಅಂತ ಒಂದ್ ದಿನ ಕೇಳಿದ್ರಾ?" ದನಿಯಲ್ಲಿ ಸಿಟ್ಟಿರಲಿಲ್ಲ. ಎಲೆ ಮಡಚಿ, ಮೊಣಕಾಲಿಗೆ ಕೈಯೂರಿ ಎದ್ದು, ಕೈ ತೊಳೆಯಲು ಹೋದಳು.

ಪಾಯಸ ಬಂತು, ಬೇಡವೆಂದೆ. ಎಷ್ಟೋ ಹೊತ್ತು ಹಾಗೇ ಕೂತಿದ್ದೆ. ಕೊನೆಗೆ ಏಳಲು ಹೋದಾಗ ಕುರ್ಚಿ ಹಿಂದೆ ಸರಿಯಲಿಲ್ಲ. ಮುಂದಿನ ಪಂಕ್ತಿಗೆ ಜಾಗ ಹಿಡಿದು ಯಾರೋ ಹೆಂಗಸು ಅದರ ಬೆನ್ನಿಗೇ ನಿಂತಿದ್ದಳು. ಯಾವಾಗಿನಿಂದ ನಿಂತಿದ್ದಳೋ, ನಾನು ತಿರುಗಿ ನೋಡಿರಲೇ ಇಲ್ಲ.