ಧೂಮಕೇತುವಿನ ಕರಿ ತಿರುಳು

ಜರ್ಮನಿಯ ನಮ್ಮ ಖಗೋಳ ಸಂಸ್ಥೆಯಲ್ಲಿ ಪಿಎಚ್.ಡಿ. ಡಾಕ್ಟರುಗಳಿಗೆ ಬರವಿರಲಿಲ್ಲ. ಬರ ಇದ್ದದ್ದು ಕಣ್ಣಿದ್ದವರಿಗೆ. ಇದ್ದ ಒಂದು ಜೊತೆ ಒಳ್ಳೆಯ ಕಣ್ಣು ನಕ್ಷೆ ಬರೆಯುವ ಗೆರ್ಲಿಂಡ ರೈಮರ್ಸ್ ಅವರದು. ಮೂವತ್ತೊಂದು ವರ್ಷ ಡಾಕ್ಟರುಗಳ ಲೇಖನಗಳಿಗೆ ಚಿತ್ರ ಬರೆದುಕೊಟ್ಟರು. ಒಂದರ ಕೆಳಗೂ ಅವರ ಹೆಸರಿಲ್ಲ. ನಿವೃತ್ತಿಗೆ ಮುಂಚೆ ಒಮ್ಮೆಯಾದರೂ ಹೆಸರು ಕಾಣಬೇಕೆಂದು ಆಸೆ. ಮಧ್ಯಾಹ್ನ, ಮಾದರಿಗಳನ್ನು ಮಾಡುವ ನನ್ನ ವರ್ಕ್‌ಶಾಪಿನಲ್ಲಿ ಕೂತು ಹೇಳಿಕೊಳ್ಳುತ್ತಿದ್ದರು.

ವಿಭಾಗದ ಮುಖ್ಯಸ್ಥ ಡಾಕ್ಟರ್ ವೀಬೋಲ್ಟ್ ಇನ್ನೊಂದು ಜಾತಿ. ಹ್ಯಾಲಿ ಧೂಮಕೇತುವಿನ ಬಳಿ ನೌಕೆ ಹೋಗುವ ಮೊದಲೇ ಅದರ ತಿರುಳು, ಅಂದರೆ ನಡುವಿನ ಹಿಮದ ಗಟ್ಟಿ, ಬೆಳ್ಳಗೆ, ದುಂಡಗೆ ಇರುತ್ತದೆಂದು ತೀರ್ಮಾನಿಸಿ, ನನ್ನಿಂದ ಅದರ ಮಾದರಿಯಾಗಿ ಪ್ಲಾಸ್ಟರಿನ ಗುಂಡು ಮಾಡಿಸಿಟ್ಟಿದ್ದ ಮಹಾನುಭಾವ. ೧೯೮೬ರ ಮಾರ್ಚಿನಲ್ಲಿ ನೌಕೆ ತೆಗೆದ ಚಿತ್ರಗಳು ಬಂದವು. ಒಂದು ಹೊಳೆಯುವ ಚುಕ್ಕೆಯ ಮೇಲೆ ಬೆರಳಿಟ್ಟು "ಇದೇ ನನ್ನ ಗುಂಡು" ಎಂದು ಬೀಗಿದ. ಸುತ್ತಲಿದ್ದವರು ತಲೆಯಾಡಿಸಿದರು. ಅದಕ್ಕೇ ಅವರಿಗೆ ಸಂಬಳ.

ರೈಮರ್ಸ್ ಮಾತ್ರ ಚಿತ್ರಗಳ ಮೇಲೆ ಟ್ರೇಸಿಂಗ್ ಹಾಳೆ ಹಾಸಿ ಎರಡು ದಿನ ಗೆರೆ ಎಳೆದರು.

"ಡಾಕ್ಟರೇ, ಈ ಹೊಳಪು ಒಂದೊಂದು ಚಿತ್ರದಲ್ಲಿ ಒಂದೊಂದು ಥರ ಇದೆ. ಬಿಸಿಲಿಗೆ ಚಿಮ್ಮೋ ಧೂಳಿದು. ಪಕ್ಕದ ಕಪ್ಪಿನ ಅಂಚು ಮಾತ್ರ ಬದಲಾಗ್ತಿಲ್ಲ. ತಿರುಳು ಅದು. ಆಲೂಗಡ್ಡೆ ಥರ ಉದ್ದಕ್ಕಿದೆ."

"ಹಿಮ ಎಲ್ಲಾದ್ರೂ ಕಪ್ಪಗಿರುತ್ತೇನ್ರಿ, ರೈಮರ್ಸ್ ಮೇಡಂ?"

"ಈ ತಿಂಗಳಲ್ಲಿ ನಮ್ಮ ರಸ್ತೆ ಬದಿ ಹಿಮ ನೋಡಿದ್ದೀರಾ, ಮಸಿ ಕೂತು ಕರ್ರಗಾಗಿರೋದು? ಕಾರಲ್ಲಿ ಓಡಾಡೋರಿಗೆ ಕಾಣಲ್ಲ ಬಿಡಿ."

"ನೀವು ಗೆರೆ ಎಳೀರಿ. ಯೋಚನೆ ಮಾಡೋಕೆ ನಾವಿದ್ದೀವಿ."

ಕೆಲವು ವಾರಗಳಲ್ಲಿ ಬೇರೆ ವಿಜ್ಞಾನಿಗಳ ಲೆಕ್ಕ ಬಂತು. ಉದ್ದ ಹದಿನೈದು ಕಿಲೋಮೀಟರ್, ಅಗಲ ಎಂಟು. ಇದ್ದಿಲಿಗಿಂತ ಕಪ್ಪು. ಸೂರ್ಯನ ಕಡೆಯ ಕೆಲವೇ ಜಾಗಗಳಿಂದ ಧೂಳು ಚಿಮ್ಮುತ್ತಿತ್ತು. ರೈಮರ್ಸ್ ಎಳೆದದ್ದೂ ಇದನ್ನೇ. ವೀಬೋಲ್ಟ್ "ನಾನು ಮೊದಲಿಂದ್ಲೂ ಹೇಳ್ತಾನೇ ಇದ್ದೆ" ಎಂದ. ಮುಖ ಸ್ವಲ್ಪವೂ ಕೆಂಪಾಗಲಿಲ್ಲ.

ಮಾರನೆಯ ದಿನವೇ ಸಾರ್ವಜನಿಕರಿಗೆ ಪ್ರದರ್ಶನ. ಹೊಸದು ಮಾಡಲು ಹೊತ್ತಿಲ್ಲ, ಅದೇ ಗುಂಡಿಗೆ ಕಪ್ಪು ಬಳಿ ಎಂದ. ಬಳಿದೆ.

"ಇನ್ನೂ ದುಂಡಗೇ ಇದೆಯಲ್ಲ ಡಾಕ್ಟರೇ, ಯಾರಾದ್ರೂ ಕೇಳಿದ್ರೆ?" ಎಂದೆ.

ಗಡ್ಡ ಕೆರೆದುಕೊಂಡ. "ಹಿತ್ತಾಳೆ ಫಲಕ ಹಾಕು, ಊವೆ. 'ಆಕಾರ: ಗೆರ್ಲಿಂಡ ರೈಮರ್ಸ್ ಅವರ ನಕ್ಷೆಯಂತೆ' ಅಂತ ಕೆತ್ತು."

ನಾಚಿಕೆಗೆಟ್ಟವನೇ ಎಂದು ಬೈದೆ, ಅವನು ಬಾಗಿಲು ಹಾಕಿಕೊಂಡು ಹೋದ ಮೇಲೆ. ಆಮೇಲೆ ಕೂತು ಕೆತ್ತಿದೆ.

ಪ್ರದರ್ಶನಕ್ಕೆ ರೈಮರ್ಸ್ ತಲೆ ಬಾಚಿಕೊಂಡು, ಒಳ್ಳೆಯ ಕೋಟು ಹಾಕಿಕೊಂಡು ಬಂದರು. ಗುಂಡಿನ ಮುಂದೆ ಪತ್ರಿಕೆಯವನೊಬ್ಬ ನಿಂತು ಗೋಡೆಗೆ ಹಾಕಿದ್ದ, ನೌಕೆ ತೆಗೆದ ಉದ್ದನೆಯ ತಿರುಳಿನ ಚಿತ್ರವನ್ನೂ ಫಲಕವನ್ನೂ ನೋಡಿ ನಗುತ್ತಿದ್ದ. "ಯಾರ್ರೀ ಈ ರೈಮರ್ಸ್? ಉದ್ದಕ್ಕಿರೋದನ್ನ ದುಂಡಗೆ ಬರ್ದಿದ್ದಾರಲ್ಲ, ಕಣ್ಣು ಕಾಣಲ್ವಾ?" ವೀಬೋಲ್ಟ್ ಭುಜ ಕುಣಿಸಿ, "ವಯಸ್ಸಾಗಿದೆ ಪಾಪ" ಎಂದ.

ರೈಮರ್ಸ್ ಫಲಕ ಓದಿದರು. ಇನ್ನೊಮ್ಮೆ ಓದಿದರು. ವೀಬೋಲ್ಟನ ಕಡೆ ತಿರುಗಲೇ ಇಲ್ಲ. ನನ್ನ ಹತ್ತಿರ ಬಂದರು.

"ಊವೆ, ಇದು ನಿನ್ನ ಕೈಕೆಲಸ ಅಲ್ವಾ?"

"ಹೌದು."

"ಅಕ್ಷರ ಚೆನ್ನಾಗಿ ಬಂದಿದೆ" ಎಂದು ಹೇಳಿ ಹೊರಟುಹೋದರು.

ವೀಬೋಲ್ಟನನ್ನು ಕಂಡರೆ ನನಗೆ ಈಗಲೂ ಹೇಸಿಗೆ. ಆದರೆ ಫಲಕ ಕೆತ್ತಿದವನು ಅವನಲ್ಲ.